ನಾನು ಕೇಳಿದ್ದು ಅರ್ಧ ಹಾಡು

ಗೋವಾದ ಮಡಗಾಂವ್‌ಗೆ ಬಂದು ಏಳು ವರ್ಷ ಆಯ್ತು. ಕೋಲ್ವಾ ಕಡೆ ಸಂಜೆ ಊಟಕ್ಕೆ ಹೋದರೆ ಎಲ್ಲೋ ಒಂದು ಕಡೆ ‘ದ ಗರ್ಲ್ ಫ್ರಮ್ ಇಪನೇಮಾ’ ಕಿವಿಗೆ ಬೀಳುತ್ತದೆ. ಹೆಣ್ಣುದನಿ, ಇಂಗ್ಲಿಷ್ ಮಾತು. ಅಮೆರಿಕದ ಹಾಡು ಅಂತಲೇ ಅಂದುಕೊಂಡಿದ್ದೆ.

ಹೋದ ಮಳೆಗಾಲದಲ್ಲಿ ಪೂರ್ತಿ ಹಾಡು ಸಿಕ್ಕಿತು. ಐದು ನಿಮಿಷ ದಾಟುತ್ತದೆ. ಶುರುವಾಗುವುದು ಗಂಡಸಿನ ದನಿಯಲ್ಲಿ, ಪೋರ್ಚುಗೀಸ್‌ನಲ್ಲಿ. ಹಾಡಿದವರು ಬ್ರೆಜಿಲ್‌ನ ಜುವಾಂವ್ ಜಿಲ್ಬೆರ್ಟೊ (ನಮ್ಮ ಗೋವಾದ ಸಾಂಜಾಂವ್ ಹಬ್ಬದಲ್ಲಿರುವುದೂ ಇದೇ ಹೆಸರು). ಧಾರವಾಡದಲ್ಲಿ ಬೆಳೆದ ನನಗೆ ಹಾಡು ಅಂದರೆ ಗಂಟಲು ಬಿಚ್ಚಿ ಹಾಡುವುದು. ಇವರು ತೊಟ್ಟಿಲಲ್ಲಿ ಮಗು ಮಲಗಿದೆಯೇನೋ ಅನ್ನುವ ಹಾಗೆ ಹಾಡುತ್ತಾರೆ. ಗಿಟಾರ್‌ನಲ್ಲಿ ಹೆಬ್ಬೆರಳು ಬ್ರೆಜಿಲ್‌ನ ಕುಣಿತದ ಸಂಗೀತ ಸಾಂಬಾದ ದೊಡ್ಡ ಡೋಲಿನ ಹಾಗೆ ಬಡಿಯುತ್ತದೆ, ಉಳಿದ ಬೆರಳು ಸಣ್ಣ ವಾದ್ಯಗಳ ಹಾಗೆ ನಡುನಡುವೆ ತಡೆದು ತಡೆದು ಬೀಳುತ್ತವೆ. ಈ ಹಾಡು ಕಟ್ಟಿದ ಸಂಗೀತಗಾರ ಟಾಮ್ ಜೋಬಿಂ ಮತ್ತು ಕವಿ ವಿನಿಸಿಯಸ್ ಜಿ ಮೊರಾಯಿಸ್ ಸೇರಿ ಮಾಡಿದ ಇನ್ನೊಂದು ಹಾಡನ್ನು 1958ರಲ್ಲಿ ಇವರು ಹೀಗೇ ಹಾಡಿದಾಗಿನಿಂದ ಬೊಸಾ ನೋವಾ ಅನ್ನುವ ಈ ಮೆಲುದನಿಯ ಸಂಗೀತದ ಲೆಕ್ಕ ಶುರು.

ಅದು ಹೊರದೇಶಕ್ಕೆ ಹೋದ ದಾರಿ ಓದುತ್ತಾ ಹೋದ ಹಾಗೆ ನನಗೆ ಸಂಕಟವಾಯಿತು. ಗಿಟಾರ್ ವಾದಕ ಚಾರ್ಲಿ ಬರ್ಡ್ 1961ರಲ್ಲಿ ಅಮೆರಿಕ ಸರ್ಕಾರದ ಪರವಾಗಿ ದಕ್ಷಿಣ ಅಮೆರಿಕ ಸುತ್ತಿದರು. ಗೋವಾದಿಂದ ಪೋರ್ಚುಗೀಸರು ಹೊರಟ ವರ್ಷವೇ, ನೋಡಿ. ಬರ್ಡ್ ವಾಪಸ್ ಬಂದು ಸ್ಯಾಕ್ಸೊಫೋನ್‌ನ ಸ್ಟಾನ್ ಗೆಟ್ಜ್ ಜೊತೆ 1962ರ ಫೆಬ್ರವರಿಯಲ್ಲಿ ವಾಷಿಂಗ್ಟನ್‌ನ ಒಂದು ಚರ್ಚಿನಲ್ಲಿ ‘ಜಾಝ್ ಸಾಂಬಾ’ ರೆಕಾರ್ಡ್ ಮಾಡಿದರು. ಮರುವರ್ಷ ಅದು ಅಲ್ಲಿನ ಆಲ್ಬಂ ಪಟ್ಟಿಯಲ್ಲಿ ಮೊದಲನೆಯದಾಯಿತು. ಅದರಲ್ಲಿ ಹಾಡುಗಾರಿಕೆಯೇ ಇಲ್ಲ! ಬರೀ ವಾದ್ಯ.

1963ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಗೆಟ್ಜ್, ಜೋಬಿಂ, ಜುವಾಂವ್ ಕೂತು ಇಪನೇಮಾ ಹಾಡು ರೆಕಾರ್ಡ್ ಮಾಡಿದರು. ಇಂಗ್ಲಿಷ್ ಭಾಗ ಹಾಡಿದ್ದು ಜುವಾಂವ್ ಅವರ ಹೆಂಡತಿ ಆಸ್ಟ್ರುಡ್. 1964ರಲ್ಲಿ ರೇಡಿಯೊಗೆಂದು ಚಿಕ್ಕದು ಮಾಡುವಾಗ ಜುವಾಂವ್ ದನಿಯನ್ನೇ ಕತ್ತರಿಸಿ ತೆಗೆದರು. ಜಗತ್ತು ಕುಣಿದಿದ್ದು ಆ ತುಂಡಿಗೆ. ಆಸ್ಟ್ರುಡ್ ದನಿ ನನಗೂ ತುಂಬಾ ಇಷ್ಟ, ಅವರು ಹಾಡದಿದ್ದರೆ ಹಾಡು ಕೋಲ್ವಾವರೆಗೆ ಬರುತ್ತಲೇ ಇರಲಿಲ್ಲವೇನೋ. ಆದರೂ ಅಡಿಪಾಯ ಹಾಕಿದವರ ದನಿಯೇ ಇಲ್ಲ ಅಂದರೆ ಹೇಗೆ?

ನಮ್ಮ ಮನೆ ಓನರ್ ಆಂಟಿಗೆ ಎಂಬತ್ತು ದಾಟಿದೆ, ಹಿಂದೆ ಪೋರ್ಚುಗೀಸ್ ಶಾಲೆಯಲ್ಲಿ ಓದಿದವರು. ಮನೆ ಮುಂದಿನ ಜಗಲಿ, ಬಾಲ್ಕಾವಿನಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ಫೋನ್ ಅವರ ಕಿವಿ ಹತ್ತಿರ ಹಿಡಿದೆ. ಕೈ ನಿಂತಿತು. ‘ಬ್ರೆಜಿಲ್‌ನವರು ಬಾಬಾ. ಲಿಸ್ಬನ್‌ನವರು ಅರ್ಧ ಅಕ್ಷರ ನುಂಗ್ತಾರೆ, ಇವರು ಬಿಡಿಸಿ ಹೇಳ್ತಾರೆ,’ ಅಂದರು ಕೊಂಕಣಿಯಲ್ಲಿ. ಇಂಗ್ಲಿಷ್‌ನಲ್ಲಿ ಆ ಹುಡುಗಿ ಇವನ ಕಡೆ ನೋಡದೆ ಸಮುದ್ರದ ಕಡೆ ಹೋಗುತ್ತಾಳೆ, ಅಷ್ಟೇ ಅಲ್ವಾ ಅಂತ ಕೇಳಿದೆ. ಆಂಟಿ ತಲೆ ಆಡಿಸಿದರು.

‘ಇಲ್ಲ. ಇದರಲ್ಲಿ ಅವನೂ ಒಂಟಿ, ಅವಳೂ ಒಂಟಿ.’

ಇಂಗ್ಲಿಷ್ ಶುರುವಾಗುತ್ತಿದ್ದ ಹಾಗೆ, ಮೊದಲಿಂದ ಇನ್ನೊಮ್ಮೆ ಹಾಕು ಅಂದರು.