ಐಟಿಐ ಮಾಡಿಲ್ಲ, ಗ್ಯಾರೇಜಲ್ಲೇ ಕಲಿತಿದ್ದು. ವೀಸಾಗೆ ಎಕ್ಸ್‌ಪೀರಿಯನ್ಸ್ ತೋರಿಸೋದು ಹೇಗೆ?

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನನ್ನದೊಂದು ಪುಟ್ಟ ಆಫೀಸಿದೆ. ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ತುಂಬುವುದು ನನ್ನ ಕೆಲಸ. ವೀಸಾ ನನ್ನ ಕಸುಬಲ್ಲ. ಆದರೂ ವಾರಕ್ಕೊಬ್ಬರಾದರೂ ಬಂದು ಇದೇ ಪ್ರಶ್ನೆ ಕೇಳುತ್ತಾರೆ. ವೆಲ್ಡಿಂಗ್ ಮಾಡುವವರು, ಮರಗೆಲಸದವರು, ಎಸಿ ರಿಪೇರಿಯವರು, ಹೋಟೆಲಿನಲ್ಲಿ ಅಡುಗೆ ಮಾಡುವವರು. "ಸಾರ್, ಹತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ. ಐಟಿಐ ಗೀಟಿಐ ಏನೂ ಇಲ್ಲ. ಆಸ್ಟ್ರೇಲಿಯಾಕ್ಕೆ ಹೋಗಬಹುದಾ? ಓನರ್ ಹತ್ರ ಒಂದು ಲೆಟರ್ ಬರೆಸ್ಕೊಂಡ್ರೆ ಸಾಕಾ?"

ಇದಕ್ಕೆಲ್ಲ ನನ್ನ ಭಾಮೈದನೇ ಕಾರಣ. ಅವನ ಫೈಲ್ ನಾನು ಕೂತು ಜೋಡಿಸಿದೆ. ಆ ಸುದ್ದಿ ಶಿರಾ ಗೇಟ್‌ನ ಗ್ಯಾರೇಜುಗಳಲ್ಲೆಲ್ಲ ಹಬ್ಬಿತು. ಈಗ ಒಬ್ಬೊಬ್ಬರಿಗೂ ಹೇಳಿ ಹೇಳಿ ಬಾಯಿ ಒಣಗಿದೆ. ಅದಕ್ಕೇ ಬರೆದು ಹಾಕುತ್ತಿದ್ದೇನೆ.

ಕೋರ್ಸ್ ಇಲ್ಲದೆಯೂ ಆಗುತ್ತದೆ. ಆದರೆ ಲೆಟರ್ ಒಂದರಿಂದ ಆಗುವುದಿಲ್ಲ.

ಆಸ್ಟ್ರೇಲಿಯಾದ ಲೆಕ್ಕ ಹೀಗಿದೆ. 189, 190, 491 ಅಂತ ನಂಬರ್ ಇರುವ ಸ್ಕಿಲ್ಡ್ ವೀಸಾಗಳಿವೆ. ಇವಕ್ಕೆ ಅರ್ಜಿ ಹಾಕುವ ಮೊದಲು ನಿಮ್ಮ ಕಸುಬು ನಿಮಗೆ ಬರುತ್ತದೆ ಅಂತ ಅಲ್ಲಿನ ಒಂದು ಸಂಸ್ಥೆ ಒಪ್ಪಬೇಕು. ಇದಕ್ಕೆ ಸ್ಕಿಲ್ಸ್ ಅಸೆಸ್‌ಮೆಂಟ್ ಅನ್ನುತ್ತಾರೆ. ಕೈಕಸುಬುಗಳಿಗೆ ಅಲ್ಲಿನ ಸರ್ಕಾರದ 'ಟ್ರೇಡ್ಸ್ ರೆಕಗ್ನಿಷನ್ ಆಸ್ಟ್ರೇಲಿಯಾ' ಇದೆ. ಅದು ಒಪ್ಪಿಗೆ ಕೊಟ್ಟ 'ವೆಟ್‌ಅಸೆಸ್'ನಂಥ ಸಂಸ್ಥೆಗಳೂ ಇವೆ. ಯಾರ ಹತ್ತಿರ ಹೋಗಬೇಕು ಅನ್ನುವುದು ನಿಮ್ಮ ಕಸುಬಿನ ಮೇಲೆ, ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನುವುದರ ಮೇಲೆ ನಿಂತಿದೆ. ಕೋರ್ಸ್ ಮಾಡದವರಿಗೆ ಕಸುಬು ನೋಡಿ ಐದಾರು ವರ್ಷದ ಕೆಲಸ ಕೇಳುತ್ತಾರೆ. ಅದು ಪೂರ್ತಿ ಹೊತ್ತಿನ, ಸಂಬಳದ ಕೆಲಸ ಆಗಿರಬೇಕು. ಅದರಲ್ಲಿ 12 ತಿಂಗಳಾದರೂ ಕಳೆದ ಮೂರು ವರ್ಷದೊಳಗಿನದ್ದಾಗಿರಬೇಕು. ನಾಲ್ಕು ವರ್ಷದ ಹಿಂದೆ ಸ್ಪ್ಯಾನರ್ ಕೆಳಗಿಟ್ಟು ಆಟೋ ಓಡಿಸುತ್ತಿದ್ದರೆ ಕಷ್ಟ.

ಭಾಮೈದ ಪಿಯುಸಿ ಅರ್ಧಕ್ಕೆ ಬಿಟ್ಟು 2011ರಲ್ಲಿ ಗ್ಯಾರೇಜ್ ಸೇರಿದವನು. ಓನರ್ ಸೇರಿ ಐದು ಜನ. ಹತ್ತು ಜನ ಇದ್ದರೆ ಇಎಸ್‌ಐ, ಇಪ್ಪತ್ತು ಜನ ಇದ್ದರೆ ಪಿಎಫ್. ಐದು ಜನರ ಗ್ಯಾರೇಜಲ್ಲಿ ಎರಡೂ ಇಲ್ಲ. ಪೇಸ್ಲಿಪ್ ಅನ್ನುವ ಪದವನ್ನೇ ಅಲ್ಲಿ ಯಾರೂ ಕೇಳಿಲ್ಲ. ಶನಿವಾರ ಸಂಜೆ ಬಟವಾಡೆ, ಕೈಗೆ ಕಾಸು, ಮುಗೀತು. ಆಟೋಮೊಬೈಲ್ ಶೋರೂಮಿನಲ್ಲಿ ಇರುವವರಿಗೆ ಫಾರ್ಮ್ 16, ಪಿಎಫ್ ಪಾಸ್‌ಬುಕ್ ಎಲ್ಲ ಇರುತ್ತದೆ. ಅವರಿಗೆ ಈ ಬರಹ ಬೇಕಿಲ್ಲ.

ಮೊದಲು ಓನರ್ ಒಂದು ಲೆಟರ್ ಟೈಪ್ ಮಾಡಿಸಿ ಕೊಟ್ಟರು. ಮೂರೇ ಸಾಲು. "ಇವರು ನಮ್ಮಲ್ಲಿ 12 ವರ್ಷಗಳಿಂದ ಕೆಲಸ ಮಾಡುತ್ತಿದ್ದು, ಇವರ ನಡತೆ ಉತ್ತಮವಾಗಿರುತ್ತದೆ." ಹೆಣ್ಣು ಕೊಡುವವರಿಗೆ ತೋರಿಸಬಹುದು, ವೀಸಾಗಲ್ಲ. ಆಮೇಲೆ ಬೆಂಗಳೂರಿನ ಒಂದು ಏಜೆನ್ಸಿಗೆ ಹೋದ. ಅವರು ಅರವತ್ತು ಸಾವಿರಕ್ಕೆ ಎಲ್ಲ 'ಪ್ಯಾಕೇಜ್' ಅಂದರು. ಲೆಟರ್, ಎಂಟು ವರ್ಷದ ಪೇಸ್ಲಿಪ್, ಅವನು ಕಾಲಿಡದ ಒಂದು ಕಂಪನಿಯ ಸೀಲು. ಸ್ಯಾಂಪಲ್ ಲೆಟರ್ ನೋಡಿದೆ. ಆಸ್ಟ್ರೇಲಿಯಾದ ಕೆಲಸಗಳ ಪಟ್ಟಿಯಲ್ಲಿ ಮೋಟರ್ ಮೆಕ್ಯಾನಿಕ್‌ಗೆ 321211 ಅಂತ ಒಂದು ಕೋಡ್ ಇದೆ. ಅದರ ಕೆಳಗೆ ಬರೆದಿರುವ ಕೆಲಸಗಳನ್ನು ಹಾಗೇ ಎತ್ತಿ ಇಳಿಸಿದ್ದರು. ಅಲ್ಲಿ ಕೂತು ಫೈಲ್ ನೋಡುವವರು ದಿನಾ ಅದೇ ಸಾಲು ಓದುತ್ತಾರೆ, ಗೊತ್ತಾಗಲ್ವಾ? ವೀಸಾ ಅರ್ಜಿಯಲ್ಲಿ ಸುಳ್ಳು ದಾಖಲೆ ಸಿಕ್ಕಿದರೆ ಅವರ 4020 ಅನ್ನುವ ನಿಯಮದಡಿ ಅರ್ಜಿ ತಿರಸ್ಕಾರ ಆಗುತ್ತದೆ. ಸಾಮಾನ್ಯವಾಗಿ ಮೂರು ವರ್ಷ ಮತ್ತೆ ಆ ಕಡೆ ತಲೆ ಹಾಕುವಂತಿಲ್ಲ. ಬೈದು ಮನೆಗೆ ಕರೆದುಕೊಂಡು ಬಂದೆ.

"ಹಾಗಾದ್ರೆ ನನ್ ಹತ್ರ ಏನಿದೆ ಭಾವ?" ಅಂದ.

ಇತ್ತು. ಗ್ಯಾರೇಜಿನ ಅಟ್ಟದ ಮೇಲೆ ಹಳೇ ಟೈರುಗಳ ಹಿಂದೆ ಒಂದು ಗೋಣಿಚೀಲ. ಅದರಲ್ಲಿ ಕೆಂಪು ರಟ್ಟಿನ ಉದ್ದನೆಯ ಲೆಕ್ಕದ ಪುಸ್ತಕಗಳು, ವರ್ಷಕ್ಕೊಂದರಂತೆ. ಪ್ರತಿ ಪುಟದ ಮೂಲೆಯಲ್ಲೂ ಗ್ರೀಸ್ ಹತ್ತಿದ ಹೆಬ್ಬೆರಳ ಗುರುತು. ತಾರೀಖು, ಕೆಎ 06 ಗಾಡಿಯ ಕೊನೆಯ ನಾಲ್ಕು ಅಂಕಿ, ಏನು ಕೆಲಸ, ಸಾಮಾನಿಗೆಷ್ಟು, ಲೇಬರ್ ಎಷ್ಟು. "ಇಂಡಿಕಾ, ಕ್ಲಚ್ ಪ್ಲೇಟ್." "ಬೊಲೆರೊ, ಹೆಡ್ ಇಳಿಸಿದ್ದು." ಪುಟ ತಿರುವುತ್ತಾ ಹೋದೆ. 2014ರ ಜೂನ್‌ನಲ್ಲಿ ಕೈಬರಹ ಬದಲಾಯಿತು. ಅಲ್ಲಿಯವರೆಗೂ ಓನರ್ ಬರೆಯುತ್ತಿದ್ದರು. ಆಮೇಲೆ ದುಂಡು ದುಂಡು ಅಕ್ಷರ, ನನ್ನ ಭಾಮೈದನದು. ಯಾಕೆ ಅಂತ ಕೇಳಿದರೆ, "ಆಗಿಂದ ಎಂಜಿನ್ ಕೆಲಸ ನನಗೇ ಬಿಟ್ರು. ಮಾಡಿದವನೇ ಬರೀಬೇಕು ಅಂತ ರೂಲು" ಅಂದ. ಅಲ್ಲಿಯವರೆಗೆ ಅವನು ಸಾಮಾನು ಎತ್ತಿಕೊಡುವ ಹುಡುಗ. ಅಲ್ಲಿಂದ ಮೆಕ್ಯಾನಿಕ್. ಯಾವ ಸರ್ಟಿಫಿಕೇಟೂ ಇದನ್ನು ಇಷ್ಟು ಸ್ಪಷ್ಟವಾಗಿ ಹೇಳುತ್ತಿರಲಿಲ್ಲ. ನಾವು ಲೆಕ್ಕ ಶುರು ಮಾಡಿದ್ದೂ ಆ ತಿಂಗಳಿಂದಲೇ. ಮೊದಲ ಮೂರು ವರ್ಷ ಬಿಟ್ಟುಬಿಟ್ಟೆವು.

ಪುಸ್ತಕ ಮಾತ್ರ ಇದ್ದರೆ ನಿನ್ನೆ ಕೂತು ಬರೆದದ್ದು ಅಂತ ಯಾರು ಬೇಕಾದರೂ ಅನ್ನಬಹುದು. ಅದಕ್ಕೆ ಬೇರೆಯವರ ಕಾಗದದ ಜೊತೆ ತಾಳೆ ನೋಡಬೇಕು. ಇದು ನನ್ನ ಕಸುಬಿನ ಪಾಠ. ಖರೀದಿ ಬಿಲ್ಲು, ಮಾರಾಟದ ಬಿಲ್ಲು, ಬ್ಯಾಂಕು, ಮೂರೂ ಒಂದೇ ಮಾತು ಹೇಳಬೇಕು. ಸ್ಪೇರ್ ಪಾರ್ಟ್ಸ್ ಅಂಗಡಿಯವರು ಸಾಲದ ಬಿಲ್ಲಿಗೆ ಸಾಮಾನು ಒಯ್ದವರ ಸಹಿ ಹಾಕಿಸಿಕೊಳ್ಳುತ್ತಾರೆ. ಅಲ್ಲಿ ಇವನ ಸಹಿ ನೂರಾರು ಕಡೆ ಸಿಕ್ಕಿತು. 2017ರ ಜುಲೈನಿಂದ ಜಿಎಸ್‌ಟಿ ಬಂತಲ್ಲ, ಆಮೇಲಿನ ಬಿಲ್ಲುಗಳಿಗೆ ನಂಬರ್ ಇದೆ, ಆ ಅಂಗಡಿಯ ಲೆಕ್ಕದಲ್ಲೂ ಇವೆ. ಅಂಗಡಿಯಲ್ಲಿ ಬೆಳಿಗ್ಗೆ ಕ್ಲಚ್ ಪ್ಲೇಟ್ ತಂದ ಬಿಲ್ಲು, ಪುಸ್ತಕದಲ್ಲಿ ಅದೇ ದಿನ ಕ್ಲಚ್ ಹಾಕಿದ ಸಾಲು. ಸಂಬಳದ್ದೂ ಹೀಗೇ. 2018ರ ಕೊನೆಯಿಂದ ಓನರ್ ಫೋನ್‌ಪೇ ಮಾಡುತ್ತಿದ್ದರು. ಶನಿವಾರದ ಬಟವಾಡೆ ಪುಟದಲ್ಲಿ 3,500 ಅಂತಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲೂ ಅದೇ ದಿನ 3,500. ಮುಂಗಡ ಹಿಡಿದುಕೊಂಡ ವಾರ ಎರಡೂ ಕಡೆ ಕಮ್ಮಿ.

2020ರ ಮಾರ್ಚ್ 24ರ ನಂತರ ಪುಸ್ತಕ ಖಾಲಿ. ಲಾಕ್‌ಡೌನ್. ಭಾಮೈದ ಅಲ್ಲಿ ಏನಾದರೂ ತುಂಬಿಸೋಣ ಅಂದ, ನೋಡೋಕೆ ಚೆನ್ನಾಗಿರಲ್ಲ ಅಂತ. ಬೇಡ ಅಂದೆ. ಆ ತಿಂಗಳು ಶಿರಾ ಗೇಟಲ್ಲಿ ಗಾಡಿ ರಿಪೇರಿ ಆಯಿತು ಅಂದರೆ ತಾನೇ ಅನುಮಾನ ಬರೋದು?

ಇಷ್ಟು ಆದ ಮೇಲೆ ಲೆಟರ್ ಬರೆಸಿದ್ದು. ಗ್ಯಾರೇಜಿನ ಹೆಸರು, ವಿಳಾಸ, ಫೋನ್ ಇರುವ ಹಾಳೆ. ಯಾವ ತಾರೀಖಿನಿಂದ, ವಾರಕ್ಕೆ ಎಷ್ಟು ಗಂಟೆ, ಸಂಬಳ ಎಷ್ಟು, ಅವನ ಕೈಕೆಳಗೆ ಎಷ್ಟು ಹುಡುಗರು. ಎಷ್ಟು ಜಾಗ, ಒಂದು ಪಿಟ್, ಯಾವ ಜಾಕ್, ಯಾವ ಸ್ಕ್ಯಾನರ್, ಯಾವ ಯಾವ ಗಾಡಿ. ಬರದ ಕೆಲಸವನ್ನೂ ಬರೆದೆವು. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚುವುದು ಅವನಿಗೆ ಬರುವುದಿಲ್ಲ, ಬೆಂಗಳೂರಿಗೆ ಕಳಿಸುತ್ತಾರೆ, ಹಾಗೇ ಹಾಕಿದೆವು. ಓನರ್‌ಗೂ ಹೇಳಿಟ್ಟಿರಬೇಕು. ನಮ್ಮ ಓನರ್ ಗೊತ್ತಿಲ್ಲದ ನಂಬರ್ ಕಂಡರೆ ಲೋನ್‌ನವರು ಅಂತ ಕಟ್ ಮಾಡುವವರು. ಪರಿಶೀಲನೆಗೆ ಫೋನ್ ಬರಬಹುದು, ದಯವಿಟ್ಟು ಎತ್ತಿ ಅಂತ ಮೂರು ಸಲ ಹೇಳಿದೆ.

ಕನ್ನಡದ ದಾಖಲೆಗಳಿಗೆ ಇಂಗ್ಲಿಷ್ ಅನುವಾದ ಬೇಕು, ಅನುವಾದ ಮಾಡಿದವರ ಹೆಸರು, ವಿಳಾಸ, ಓದಿನ ಸಮೇತ. ಒಬ್ಬರಿಗೆ ಕೊಟ್ಟೆವು. ಪುಸ್ತಕದಲ್ಲಿ "ಗಾಡಿ ಎಳೀತಿಲ್ಲ" ಅಂತಿತ್ತು, ಅಂದರೆ ಪಿಕಪ್ ಇಲ್ಲ ಅಂತ. ಅವರು ಯಾರೋ ಹಗ್ಗ ಕಟ್ಟಿ ಗಾಡಿ ಎಳೆಯಲು ಒಪ್ಪುತ್ತಿಲ್ಲ ಅನ್ನುವ ಅರ್ಥದಲ್ಲಿ ಬರೆದು ಸೀಲ್ ಹಾಕಿದ್ದರು. ಮೆಕ್ಯಾನಿಕ್ ಪಕ್ಕದಲ್ಲಿ ಕೂತಿರುವಾಗಲೇ ಅನುವಾದ ಮಾಡಿಸಿ.

ಕಾಗದ ಒಪ್ಪಿಗೆ ಆದ ಮೇಲೆ ವೀಡಿಯೊ ಕಾಲ್‌ನಲ್ಲಿ ಮಾತಾಡಿಸುತ್ತಾರೆ. ಕೆಲವು ಕಸುಬಿಗೆ ಕೈಯಲ್ಲಿ ಮಾಡಿ ತೋರಿಸುವ ಪರೀಕ್ಷೆಯೂ ಇದೆ. ನಾವು ಮನೆಯಲ್ಲೇ ಅಭ್ಯಾಸ ಮಾಡಿದೆವು. ಹೊರಗೆ ಎಲ್ಲೂ ಸೋರುತ್ತಿಲ್ಲ, ಆದರೂ ಕೂಲೆಂಟ್ ಕಮ್ಮಿ ಆಗ್ತಿದೆ, ಏನು ನೋಡ್ತೀಯ? ಅವನು ಪಟಪಟ ಹೇಳಿದ. ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ, ಆಯಿಲ್ ಮುಚ್ಚಳ ತೆಗೆದರೆ ಹಾಲಿನ ಥರ ನೊರೆ, ಕಂಪ್ರೆಷನ್ ಚೆಕ್, ಹೆಡ್ ಗ್ಯಾಸ್ಕೆಟ್. ಗಾಡಿ ಕೆಳಗೆ ಹೋಗುವ ಮುಂಚೆ ಏನು ಮಾಡ್ತೀಯ ಅಂದರೆ, "ಏನ್ ಮಾಡೋದು, ಜಾಕ್ ಹಾಕಿ ಹೋಗ್ತೀನಿ." ಅಲ್ಲೇ ಸಿಕ್ಕಿಬೀಳೋದು. ಜಾಕ್ ಮೇಲೆ ನಂಬಿಕೆ ಇಟ್ಟು ನುಗ್ಗುವ ಹಾಗಿಲ್ಲ. ಸ್ಟ್ಯಾಂಡ್ ಕೊಡಬೇಕು, ಚಕ್ರಕ್ಕೆ ಅಡ್ಡ ಇಡಬೇಕು. ಬ್ಯಾಟರಿ ಬಿಚ್ಚುವಾಗ ಮೊದಲು ನೆಗೆಟಿವ್. ಕೆಲಸ ಬರುತ್ತೆ, ಸೇಫ್ಟಿ ಮಾತು ಬರಲ್ಲ. ಗ್ಯಾರೇಜಲ್ಲಿ ಕಲಿತವರ ಕೊರತೆ ಇದೊಂದೇ ಅಂತ ನನ್ನ ಅನಿಸಿಕೆ. ಐಟಿಐನವರಿಗೆ ಇದು ಮೊದಲ ವಾರದ ಪಾಠ. ಒಂದು ತಿಂಗಳು ಅವನು ಇದನ್ನೇ ಓದಿದ. ಒಳ್ಳೆಯದೇ ಆಯಿತು, ಈಗ ಗ್ಯಾರೇಜಲ್ಲಿ ನಾಲ್ಕು ಸ್ಟ್ಯಾಂಡ್ ಬಂದಿವೆ.

ಸ್ವಂತ ಅಂಗಡಿ ಇರುವವರು ಏನು ಮಾಡಬೇಕು ಅಂತ ಕೇಳುತ್ತಾರೆ. ಬಾಡಿಗೆ ಕರಾರು, ಪಾಲಿಕೆಯ ಟ್ರೇಡ್ ಲೈಸೆನ್ಸ್, ಕರೆಂಟ್ ಬಿಲ್ಲು, ಬ್ಯಾಂಕು, ರಿಟರ್ನು, ಆಡಿಟರ್ ಪತ್ರ, ಗಿರಾಕಿಗಳ ಪತ್ರ. ಸರ್ವೀಸ್ ಕೆಲಸದಲ್ಲಿ ವರ್ಷಕ್ಕೆ 20 ಲಕ್ಷದೊಳಗೆ ವಹಿವಾಟಿದ್ದರೆ ಜಿಎಸ್‌ಟಿ ಕಡ್ಡಾಯ ಅಲ್ಲ, ಆದ್ದರಿಂದ ಇಲ್ಲದಿದ್ದರೆ ಗಾಬರಿ ಬೇಡ. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ರಿಜಿಸ್ಟ್ರೇಷನ್ ಮಾಡಿಸಿಕೊಳ್ಳಿ. ಅದು ಫ್ರೀ. ಐನೂರು ಕೇಳುವವರ ಹತ್ತಿರ ಹೋಗಬೇಡಿ, ನನ್ನ ಹತ್ತಿರವೂ. ಎಲೆಕ್ಟ್ರಿಷಿಯನ್‌ಗಳು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದ ವೈರ್‌ಮನ್ ಪರ್ಮಿಟ್ ತೆಗೆದುಕೊಂಡಿದ್ದರೆ ತುಂಬಾ ಒಳ್ಳೆಯದು. ಆದರೂ ಆಸ್ಟ್ರೇಲಿಯಾದಲ್ಲಿ ಇಳಿದ ಕೂಡಲೇ ಒಬ್ಬರೇ ವೈರಿಂಗ್ ಮಾಡುವಂತಿಲ್ಲ. ಮೊದಲು ಲೈಸೆನ್ಸ್ ಇರುವವರ ಉಸ್ತುವಾರಿಯಲ್ಲಿ ಇರಬೇಕು. ಕೆಲಸ ಮಾಡುತ್ತಲೇ ಕಲಿತವರಿಗೆ ಕೇಂದ್ರದ ಕೌಶಲ ಯೋಜನೆಯಲ್ಲಿ ಕೊಡುವ ಪಿಎಂಕೆವಿವೈ ಆರ್‌ಪಿಎಲ್ ಸರ್ಟಿಫಿಕೇಟ್ ಇದ್ದರೆ ಫೈಲಿಗೆ ಸೇರಿಸಿ, ಆದರೆ ಅದನ್ನು ಎರಡು ವರ್ಷದ ಐಟಿಐಗೆ ಸಮ ಅಂತ ತಿಳಿಯಬೇಡಿ.

ಕೆನಡಾದಲ್ಲಿ ಕಸುಬಿನವರಿಗೇ ಬೇರೆ ದಾರಿ ಇದೆ. ಕಳೆದ ಐದು ವರ್ಷದಲ್ಲಿ ಎರಡು ವರ್ಷದ ಪೂರ್ತಿ ಹೊತ್ತಿನ ಅನುಭವ ಸಾಕು, ಓದು ಕಡ್ಡಾಯ ಅಲ್ಲ. ಕೇಳೋಕೆ ಸುಲಭ. ಆದರೆ ಅಲ್ಲಿಯ ಕೆಲಸದ ಆಫರ್ ಅಥವಾ ಅಲ್ಲಿಯ ಪ್ರಾಂತ್ಯದ ಕಸುಬಿನ ಸರ್ಟಿಫಿಕೇಟ್ ಬೇಕು. ಮುಕ್ಕಾಲು ಜನ ನಿಲ್ಲುವುದು ಅಲ್ಲಿ. ಜರ್ಮನಿ ಅನುಭವಸ್ಥರಿಗೆ 2024ರಲ್ಲಿ ಬಾಗಿಲು ತೆರೆಯಿತು, ಆದರೆ ಐಟಿ ಬಿಟ್ಟು ಉಳಿದವರಿಗೆ ಎರಡು ವರ್ಷದ ಮಾನ್ಯತೆ ಪಡೆದ ಕೋರ್ಸ್ ಬೇಕೇ ಬೇಕು.

ಇನ್ನೊಂದು ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ಆಸ್ಟ್ರೇಲಿಯಾದವರು ಈ ವೀಸಾಗಳಿಗೆ ವಯಸ್ಸು, ಇಂಗ್ಲಿಷ್, ಅನುಭವಕ್ಕೆಲ್ಲ ಪಾಯಿಂಟ್ ಹಾಕುತ್ತಾರೆ. ಆ ಲೆಕ್ಕದಲ್ಲಿ ಹೊರದೇಶದ ಅನುಭವಕ್ಕೆ ಮೂರು ವರ್ಷಕ್ಕೆ 5, ಐದಕ್ಕೆ 10, ಎಂಟಕ್ಕೆ 15 ಪಾಯಿಂಟ್. ಆದರೆ ಕೋರ್ಸ್ ಇಲ್ಲದ್ದಕ್ಕೆ ಬದಲಾಗಿ ತೋರಿಸಿದ ವರ್ಷಗಳನ್ನು ಸಾಮಾನ್ಯವಾಗಿ ಇಲ್ಲಿ ಮತ್ತೆ ಎಣಿಸುವುದಿಲ್ಲ. ಹತ್ತು ವರ್ಷ ಇದೆ ಅಂತ ಬಂದವನ ಕೈಯಲ್ಲಿ ಪಾಯಿಂಟಿಗೆ ಉಳಿಯುವುದು ನಾಲ್ಕೈದು ವರ್ಷ. ಕನಿಷ್ಠ 65 ಪಾಯಿಂಟ್ ಬೇಕು, 65 ಇದ್ದ ಮಾತ್ರಕ್ಕೆ ವೀಸಾಗೆ ಅರ್ಜಿ ಹಾಕಿ ಅಂತ ಕರೆಯುತ್ತಾರೆ ಅಂತಲ್ಲ. 45 ವರ್ಷ ತುಂಬಿದವರಿಗೆ ಈ ವೀಸಾಗಳಿಲ್ಲ. 43 ಆದವರೊಬ್ಬರು ಬಂದಿದ್ದರು, ಒಂದು ಕಾಗದವೂ ಇರಲಿಲ್ಲ. ಅವರಿಗೆ ಖರ್ಚು ಮಾಡಬೇಡಿ ಅಂತ ನೇರವಾಗಿ ಹೇಳಿದೆ. ಬೇಜಾರಾಗಿ ಹೋದರು.

ಇಪ್ಪತ್ತೈದರೊಳಗಿನ ಹುಡುಗರಿಗೆ ಮಾತ್ರ ಬೇರೆ ಮಾತು. ಈ ವಾರದಿಂದಲೇ ಸಂಬಳ ಬ್ಯಾಂಕಿಗೆ ಹಾಕಿಸಿಕೊಳ್ಳಿ. ಟ್ಯಾಕ್ಸ್ ಬರದಿದ್ದರೂ ವರ್ಷ ವರ್ಷ ರಿಟರ್ನ್ ಹಾಕಿ. ದೊಡ್ಡ ಕೆಲಸ ಮಾಡುವಾಗ ನಿಮ್ಮ ಮುಖ, ಬಿಚ್ಚಿದ ಎಂಜಿನ್ ಎರಡೂ ಕಾಣುವ ಹಾಗೆ ಫೋಟೋ ತೆಗೆದಿಡಿ. ರೀಲ್ಸ್‌ಗೆ ತೆಗೆಯೋದಿಲ್ವಾ, ಹಾಗೇ.

ಭಾಮೈದನ ಅಸೆಸ್‌ಮೆಂಟ್ ಪಾಸಾಯಿತು. ಮೊದಲ ಸಲ ಇನ್ನೂ ಸಾಕ್ಷಿ ಕೊಡಿ ಅಂತ ವಾಪಸ್ ಬಂತು, ಸ್ಪೇರ್ ಪಾರ್ಟ್ಸ್ ಬಿಲ್ಲುಗಳನ್ನು ಇನ್ನಷ್ಟು ಸೇರಿಸಿದ ಮೇಲೆ ಒಪ್ಪಿದರು. ಅದು ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಈಗ ಅಡ್ಡ ನಿಂತಿರುವುದು ಇಂಗ್ಲಿಷ್. ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯ ನಾಲ್ಕೂ ಭಾಗದಲ್ಲಿ 6 ಬೇಕು. ಮಾತಾಡುವುದರಲ್ಲಿ 6.5 ಬಂತು, ಬರೆಯುವುದರಲ್ಲಿ 5.5. ಗ್ಯಾರೇಜ್ ಮುಚ್ಚಿದ ಮೇಲೆ ರಾತ್ರಿ ನಮ್ಮ ಮನೆಗೆ ಬಂದು ನನ್ನ ಮಗಳ ಹತ್ತಿರ ಪ್ರಬಂಧ ತಿದ್ದಿಸಿಕೊಳ್ಳುತ್ತಿದ್ದಾನೆ. ಅವಳು ಒಂಬತ್ತನೇ ಕ್ಲಾಸು. ಮಾವ ಅಂತ ಸ್ವಲ್ಪವೂ ಕರುಣೆ ತೋರಿಸುತ್ತಿಲ್ಲ.