ಹಿಟ್ ಒಬ್ಬರದು, ರಾಯಲ್ಟಿ ಇನ್ನೊಬ್ಬರದು

ಜಾಹೀರಾತಿಗೋ ವೆಬ್ ಸೀರೀಸ್‌ಗೋ ಹಳೇ ಹಾಡು ಬೇಕಂದರೆ ಅದರ ರೈಟ್ಸ್ ತಂದುಕೊಡುವುದು ನನ್ನ ಕೆಲಸ. ನಮ್ಮ ಆಫೀಸಿಗೆ ಹೊಸದಾಗಿ ಸೇರಿದವರಿಗೆ ನಾನು ಮೊದಲು ಕೇಳಿಸುವುದು ‘ಟೇಂಟೆಡ್ ಲವ್’. 1981ರಲ್ಲಿ ಇಂಗ್ಲೆಂಡಿನ ಸಾಫ್ಟ್ ಸೆಲ್ ಬ್ಯಾಂಡ್ ಮಾಡಿದ ಹಾಡು. ಇದ್ದವರು ಇಬ್ಬರೇ. ಹಾಡುವುದಕ್ಕೆ ಮಾರ್ಕ್ ಆಲ್ಮಂಡ್, ಸಿಂಥಸೈಜರ್‌ಗೆ ಡೇವ್ ಬಾಲ್. ಲೀಡ್ಸ್‌ನಲ್ಲಿ ಓದುವಾಗ ಜೊತೆಯಾದವರು.

ಹಾಡು ಬ್ರಿಟನ್ನಿನಲ್ಲಿ ನಂಬರ್ 1 ಆಯಿತು. ಅಮೆರಿಕದಲ್ಲಿ 8ನೇ ಸ್ಥಾನಕ್ಕೆ ಬಂದು, ಅಲ್ಲಿನ ಜನಪ್ರಿಯ ಹಾಡುಗಳ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ರಲ್ಲಿ ಒಟ್ಟು 43 ವಾರ ಉಳಿದಿತ್ತು. ಆ ಕಾಲಕ್ಕೆ ಅದು ದಾಖಲೆ. ಬ್ರಿಟನ್ನಿನಲ್ಲಿ ಇವರ ಬೇರೆ ಹಾಡುಗಳೂ ಓಡಿವೆ. ಅಮೆರಿಕದವರಿಗೆ ಮಾತ್ರ ಸಾಫ್ಟ್ ಸೆಲ್ ಅಂದರೆ ಇದೊಂದೇ.

“ಇದೊಂದರಲ್ಲೇ ಜೀವನ ಪೂರ್ತಿ ಕೂತು ತಿನ್ನಬಹುದು ಅಲ್ವಾ ಸರ್?” ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಆಗ ರೆಕಾರ್ಡಿನ ಲೇಬಲ್ ಫೋಟೋ ತೋರಿಸುತ್ತೇನೆ. ಹಾಡಿನ ಹೆಸರಿನ ಹತ್ತಿರ ಇರುವೆಯಷ್ಟು ಚಿಕ್ಕ ಅಕ್ಷರದಲ್ಲಿ ಬರೆದವರ ಹೆಸರು: ಕಾಬ್. ಎಡ್ ಕಾಬ್ ಅಮೆರಿಕದವರು. 60ರ ದಶಕದಲ್ಲಿ ಈ ಹಾಡು ಬರೆದು ಗ್ಲೋರಿಯಾ ಜೋನ್ಸ್ ಕೈಲಿ ಹಾಡಿಸಿದ್ದರು. ಅದು ಬಿ ಸೈಡಿನಲ್ಲಿ, ಅಂದರೆ ರೆಕಾರ್ಡಿನ ಹಿಂಬದಿಯಲ್ಲಿ ಬಂತು, ಯಾರೂ ಕೇಳಲಿಲ್ಲ. 70ರ ದಶಕದಲ್ಲಿ ಉತ್ತರ ಇಂಗ್ಲೆಂಡಿನ ನಾರ್ದರ್ನ್ ಸೋಲ್ ಕ್ಲಬ್ಬುಗಳಲ್ಲಿ ಅದಕ್ಕೆ ಮತ್ತೆ ಜೀವ ಬಂತು. ಮರೆತುಹೋದ ಅಮೆರಿಕನ್ ರೆಕಾರ್ಡು ಹುಡುಕಿ ತಂದು ಕುಣಿಯುವುದೇ ಆ ಕ್ಲಬ್ಬುಗಳ ಹುಚ್ಚು.

ಒಂದು ಹಾಡಿನಲ್ಲಿ ಎರಡು ಆಸ್ತಿ ಇರುತ್ತವೆ. ಸಾಹಿತ್ಯ ಮತ್ತು ರಾಗ ಒಂದು. ಅದನ್ನು ಹಾಡಿ ನುಡಿಸಿದ ರೆಕಾರ್ಡಿಂಗ್, ಅಂದರೆ ಮಾಸ್ಟರ್, ಇನ್ನೊಂದು. ಕವರ್, ಅಂದರೆ ಬೇರೆಯವರ ಹಾಡನ್ನು ಮತ್ತೆ ಹಾಡಿದ್ದು, ಎಷ್ಟೇ ಹಿಟ್ ಆಗಲಿ, ಮೊದಲನೆಯದರ ರಾಯಲ್ಟಿ ಬರೆದವರ ಕಡೆಗೇ ಹೋಗುತ್ತದೆ.

ನನಗೆ ಹೊಟ್ಟೆ ಉರಿಯುವುದು ಇದಕ್ಕಲ್ಲ, ಬಿ ಸೈಡಿನ ವಿಷಯಕ್ಕೆ. ಎರಡು ಬದಿಗೆ ಒಂದೊಂದು ಹಾಡಿರುವ ರೆಕಾರ್ಡು, ಅಂದರೆ ಸಿಂಗಲ್, ಮಾರಾಟವಾದರೆ ಎ ಸೈಡ್ ಬರೆದವರಿಗೆ ಸಿಗುವಷ್ಟೇ ಪಾಲು ಬಿ ಸೈಡ್ ಬರೆದವರಿಗೂ ಸಿಗುತ್ತಿತ್ತು. ಜನ ಅದನ್ನು ತಿರುಗಿಸಿ ಕೇಳಲಿ, ಬಿಡಲಿ. ಎ ಸೈಡಿಗೆ ಕವರ್ ಹಾಕಿದವರು ಹಿಂದೆ ಸುಮ್ನೆ ತಮ್ಮದೊಂದು ಹಾಡು ಹಾಕಿದ್ದರೂ ಸಾಕಿತ್ತು. ಸಾಫ್ಟ್ ಸೆಲ್‌ನವರು ಬ್ರಿಟನ್ನಿನ ಸಿಂಗಲ್‌ನ ಬಿ ಸೈಡಿಗೆ ಹಾಕಿದ್ದು ‘ವೇರ್ ಡಿಡ್ ಅವರ್ ಲವ್ ಗೋ’. ಅಮೆರಿಕದ ಸುಪ್ರೀಮ್ಸ್ ತಂಡ 1964ರಲ್ಲಿ ಹಾಡಿದ್ದು. ಅದೂ ಕವರ್! ಎರಡೂ ಕಡೆಯ ಪಾಲು ಬೇರೆಯವರ ಮನೆಗೆ.

2006ರಲ್ಲಿ ರಿಹಾನಾ ‘ಎಸ್‌ಒಎಸ್’ ಹಾಡಿಗೆ ಸಾಫ್ಟ್ ಸೆಲ್ ರೆಕಾರ್ಡಿಂಗಿನ ತುಣುಕು ಬಳಸಿ ಅಮೆರಿಕದಲ್ಲಿ ನಂಬರ್ 1 ಆದಳು. ಬರೆದವರ ಪಟ್ಟಿಯಲ್ಲಿ ಕಾಬ್ ಹೆಸರಿದೆ. ಆಲ್ಮಂಡ್, ಬಾಲ್ ಇಬ್ಬರದೂ ಇಲ್ಲ.

ನಮ್ಮಲ್ಲಿ ಕಥೆ ಇನ್ನೂ ಗೋಜಲು. ಸಿನಿಮಾ ಹಾಡಿನ ಹಕ್ಕು ನಿರ್ಮಾಪಕರಿಂದ ಆಡಿಯೋ ಕಂಪನಿಗೆ ಹೋಗಿರುವುದೇ ಜಾಸ್ತಿ. 2012ರ ಕಾಪಿರೈಟ್ ತಿದ್ದುಪಡಿ ಬಂದಮೇಲೆ ಗೀತರಚನೆಕಾರರು, ಸಂಗೀತ ನಿರ್ದೇಶಕರು ಥಿಯೇಟರ್ ಆಚೆಗಿನ ಬಳಕೆಯ ರಾಯಲ್ಟಿಯನ್ನು ಬರೆದುಕೊಟ್ಟುಬಿಡುವ ಹಾಗಿಲ್ಲ. ಒಳ್ಳೇ ಕಾನೂನು. ಆದರೂ ಜಾಹೀರಾತಿನವರು ಬಂದು, “ಸಿಂಗರ್ ಪರಿಚಯದವರೇ, ಓಕೆ ಅಂದಿದ್ದಾರೆ, ಹಾಕ್ಕೊಳ್ಳೋಣ” ಅನ್ನುತ್ತಾರೆ. ಸಿಂಗರ್ ಓಕೆ ಅಂದರೆ ಸಂತೋಷ. ನಾನು ಮಾತ್ರ ನಿರ್ಮಾಪಕರು ಆಡಿಯೋ ಕಂಪನಿಗೆ ಬರೆದುಕೊಟ್ಟ ಅಗ್ರಿಮೆಂಟ್ ಕೇಳುತ್ತೇನೆ. ರೇಟು ಮಾತಾಡುವುದು ಒಂದು ಮಧ್ಯಾಹ್ನದ ಕೆಲಸ, ಆ ಕಾಗದ ಯಾರ ಬೀರುವಿನಲ್ಲಿದೆ ಅಂತ ಹುಡುಕುವುದಕ್ಕೇ ವಾರಗಟ್ಟಲೆ ಬೇಕು.