ಈಡೇಲ್: ನೆಲ ನೋಡಿ ದಾರಿ ಆರಿಸಿ

ಕಾರಿಲ್ಲದೆ ಇಂಗ್ಲೆಂಡಿನ ಹಳ್ಳಿ ನೋಡಬೇಕೆನ್ನುವವರಿಗೆ ಡರ್ಬಿಶೈರಿನ ಈಡೇಲ್ ಬಲು ಅನುಕೂಲ. ಶೆಫೀಲ್ಡಿನಿಂದ ರೈಲಿನಲ್ಲಿ ಅರ್ಧ ಗಂಟೆ, ಮ್ಯಾಂಚೆಸ್ಟರಿನಿಂದ ಮುಕ್ಕಾಲು ಗಂಟೆ. ಆದರೆ ವೇಗದ ರೈಲುಗಳು ಇಲ್ಲಿ ನಿಲ್ಲುವುದಿಲ್ಲ. ಪ್ಯಾಸೆಂಜರ್ ರೈಲನ್ನೇ ಹಿಡಿಯಿರಿ. ವಾಪಸ್ ರೈಲಿನ ಸಮಯ ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ.

ಊರು ಒಂದೇ ಕಡೆ ಇಲ್ಲ. ಬಾರ್ಬರ್ ಬೂತ್, ಅಪ್ಪರ್ ಬೂತ್, ಗ್ರಿಂಡ್ಸ್‌ಬ್ರೂಕ್ ಬೂತ್ ಹೀಗೆ ಐದು ಗುಂಪು ಮನೆಗಳು. ಬೂತ್ ಎಂದರೆ ಹಿಂದೆ ದನಗಾಹಿಗಳು ತಂಗುತ್ತಿದ್ದ ಗುಡಿಸಲು. ನಮ್ಮ ಹಟ್ಟಿಗಳು ಊರಿನ ಹೆಸರಾದಂತೆಯೇ. ಚರ್ಚು, ಪಬ್ಬು ಇರುವುದು ಗ್ರಿಂಡ್ಸ್‌ಬ್ರೂಕ್‌ನಲ್ಲಿ, ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆ.

ಕಣಿವೆಯ ತಳ ಮೆತ್ತನೆಯ ಜೇಡಿಶಿಲೆ. ನೋ ನದಿ ಅದನ್ನು ಸುಲಭವಾಗಿ ಕೊರೆದಿದೆ. ಉತ್ತರಕ್ಕೆ, ಮೇಲೆ, ಗಟ್ಟಿಯಾದ ಒರಟು ಮರಳುಗಲ್ಲು: ಅದೇ 636 ಮೀಟರ್ ಎತ್ತರದ ಕಿಂಡರ್ ಸ್ಕೌಟ್ ಗುಡ್ಡ. ದಕ್ಷಿಣದ ಮ್ಯಾಮ್ ಟಾರ್ 517 ಮೀಟರ್. ಅಲ್ಲಿ ಜೇಡಿಶಿಲೆಯ ಮೇಲೆ ಮರಳುಗಲ್ಲು ಕೂತಿರುವುದರಿಂದ ಮಳೆನೀರು ಒಳಗಿಳಿದಾಗ ಗುಡ್ಡ ಜಾರುತ್ತದೆ. ಆಚೆ ಬದಿಯ ಹೆದ್ದಾರಿಯನ್ನು ಎಷ್ಟು ಸಲ ರಿಪೇರಿ ಮಾಡಿದರೂ ನಿಲ್ಲದೆ 1979ರಲ್ಲಿ ಮುಚ್ಚಿಯೇಬಿಟ್ಟರು. ಮುರಿದ ಡಾಂಬರಿನ ಪದರಗಳು ಇಂದಿಗೂ ಕಾಣುತ್ತವೆ.

ಮೊದಲ ಸಲ ಹೋಗುವವರು ಹಾಲಿನ್ಸ್ ಕ್ರಾಸ್ ಎಂಬ ಗುಡ್ಡಸಾಲಿನ ತಗ್ಗಿನ ಮೂಲಕ ಮ್ಯಾಮ್ ಟಾರ್ ಹತ್ತುವುದೇ ಒಳ್ಳೆಯದು. ಏಣಿನ ಮೇಲೆ ಕಲ್ಲುಚಪ್ಪಡಿ ಹಾಸಿದ್ದಾರೆ, ದಾರಿ ತಪ್ಪದು. ಹೋಗಿಬರಲು ಮೂರು ಗಂಟೆ ಇಟ್ಟುಕೊಳ್ಳಿ.

ಕಿಂಡರ್ ಬೇರೆಯೇ ಮಾತು. ತುದಿ ಎನ್ನುವಂಥದ್ದೇ ಇಲ್ಲ, ಅಗಲವಾದ ಬಯಲು. ಅದರ ಮೇಲೆ ಅರೆಕೊಳೆತ ಪಾಚಿ ಸಾವಿರಾರು ವರ್ಷ ಕೂಡಿ ಆದ ಕಪ್ಪು ಪೀಟ್ ಮಣ್ಣು. ಮಳೆನೀರು ಅದರಲ್ಲಿ ಆಳೆತ್ತರದ ಕೊರಕಲು ಕೊರೆದಿದೆ. ಒಳಗಿಳಿದರೆ ಆಚೀಚೆ ಏನೂ ಕಾಣದು, ತೋಚಿದ ಕಡೆಗೆಲ್ಲ ನಡೆದರೆ ಸುತ್ತಿ ಸುತ್ತಿ ಅಲ್ಲೇ ಬಂದು ನಿಲ್ಲುತ್ತೀರಿ. ಮಂಜು ಕವಿದರೆ ನಡುಬಯಲಿಗೆ ಕಾಲಿಡಲೇಬೇಡಿ, ಅಂಚಿನ ದಾರಿ ಬಿಡಬೇಡಿ. ಬ್ರಿಟನ್ನಿನ ನಕ್ಷೆ ಸಂಸ್ಥೆ ಆರ್ಡ್‌ನನ್ಸ್ ಸರ್ವೆಯ ಓಎಲ್1 ನಕ್ಷೆ, ದಿಕ್ಸೂಚಿ ಎರಡೂ ಬೇಕು. ಹತ್ತಲು ಜೇಕಬ್ಸ್ ಲ್ಯಾಡರ್‌ನ ಕಲ್ಲು ಮೆಟ್ಟಿಲು ವಾಸಿ; ಗ್ರಿಂಡ್ಸ್‌ಬ್ರೂಕ್ ಕೊರಕಲಿನ ಮೇಲ್ಭಾಗದಲ್ಲಿ ಬಂಡೆಗಳಿಗೆ ಕೈಹಾಕಿ ಏರಬೇಕು.

ಜೀನ್ಸ್ ಬೇಡ, ನೆನೆದರೆ ಒಣಗದು. ಊಟ ಕಟ್ಟಿಕೊಂಡೇ ಹೋಗಿ. ಹೊಲದ ಗೇಟು ದಾಟಿದ ಮೇಲೆ ಮುಚ್ಚಿ, ಕುರಿಗಳಿರುತ್ತವೆ. ಡಿಸೆಂಬರಿನಲ್ಲಿ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನ ಒಂದರೊಳಗೆ ಮೇಲೆ ತಲುಪಿರದಿದ್ದರೆ ಅಲ್ಲಿಂದಲೇ ಹಿಂತಿರುಗಿ.